ಕಾಶಿಬಾಯಿಯ ಗಂಡನಾಗಿ ಒಂದು ವರ್ಷ

ನನ್ನ ಹೆಂಡತಿ ನನಗೆ ತಿಳಿಯದ ಭಾಷೆಯಲ್ಲಿ ನಗುತ್ತಿದ್ದಳು. ನಗುವಿಗೂ ಭಾಷೆ ಇರುತ್ತದೆಯೇ ಎಂದು ಯಾರಾದರೂ ಕೇಳಿದರೆ, ಇರುತ್ತದೆ ಎಂದೇ ಹೇಳುತ್ತೇನೆ. ಗುಳೇದಗುಡ್ಡದಲ್ಲಿ ಕಾಶವ್ವ ನಕ್ಕರೆ ಮೊದಲು ಸೆರಗು ಬಾಯಿಗೆ ಹೋಗುತ್ತಿತ್ತು, ನಗು ಆಮೇಲೆ ಬರುತ್ತಿತ್ತು. ಇಲ್ಲಿ, ಗೋವಾದ ಮ್ಹಾಪಸಾ ಪೇಟೆಯ ಶುಕ್ರವಾರದ ಸಂತೆಯಲ್ಲಿ, ಅವಳು ಸೊಂಟದ ಮೇಲೆ ಕೈಯಿಟ್ಟು, ಕುತ್ತಿಗೆ ಹಿಂದಕ್ಕೆ ಚೆಲ್ಲಿ, ಪಕ್ಕದಲ್ಲಿ ಒಣಮೀನು ಮಾರುವವಳ ಹೆಗಲಿಗೆ ಹೊಡೆದು ನಗುತ್ತಿದ್ದಳು. ನಾನು ಎರಡೂ ಕೈಯಲ್ಲಿ ಚೀಲ, ಕಂಕುಳಲ್ಲಿ ಕೊಡೆ ಹಿಡಿದು ನಿಂತಿದ್ದೆ. ಮೀನಿನವಳು ನನ್ನ ಕಡೆ ಗದ್ದ ಎತ್ತಿ ಕೊಂಕಣಿಯಲ್ಲಿ ಏನೋ ಅಂದಳು. ಕಾಶವ್ವ ಮತ್ತೆ ನಕ್ಕಳು.

"ಏನಂದಳಾಕಿ?" ಎಂದೆ.

"ಏನಿಲ್ಲ ಬಿಡ್ರಿ. ನಿಮಗ ತಿಳಿಯಂಗಿಲ್ಲ."

ತಿಳಿಯಂಗಿಲ್ಲವಂತೆ! ಮದುವೆಯಾಗಿ ಬಂದಾಗಿನಿಂದ ನನ್ನನ್ನು ಕೇಳದೆ ಸೀರೆಯ ಬಣ್ಣವನ್ನೂ ಆರಿಸದಿದ್ದವಳು, ಈಗ ನನಗೆ ತಿಳಿಯದ ಸಂಗತಿಯನ್ನು ಮೀನಿನವಳ ಜೊತೆ ಹಂಚಿಕೊಂಡು ನಗುತ್ತಾಳೆ. ಅಲ್ಲೇ, ಆ ಚೀಲಗಳನ್ನು ಹಿಡಿದುಕೊಂಡೇ, ನನ್ನ ಹೊಟ್ಟೆಯಲ್ಲಿ ಉರಿ ಹತ್ತಿತು. ಅದು ಇವತ್ತಿಗೂ ಪೂರ್ತಿ ಆರಿಲ್ಲ.

ಗೋವಾ ಹೇಗಿದೆ, ಒಂದಿಷ್ಟು ಬರೆದು ಕಳಿಸು ಎಂದು ಊರಿನ ಗೆಳೆಯರು ಹೇಳುತ್ತಲೇ ಇದ್ದಾರೆ. ಅವರಿಗೆ ಸಮುದ್ರದ ಸುದ್ದಿ ಬೇಕು. ಬಸ್ಸಿನ ಕಿಟಕಿಯಿಂದ ನಾನು ಸಮುದ್ರವೆಂದು ಕೈಮುಗಿದದ್ದು ಮಾಂಡವಿ ನದಿ ಎಂದು ನನ್ನ ಮಗಳು ಪವಿತ್ರಾ ಹೇಳಿಕೊಟ್ಟಳು. ಹತ್ತು ವರ್ಷದ ಹುಡುಗಿ ತಿದ್ದುವುದು, ಅಪ್ಪ ತಿದ್ದಿಸಿಕೊಳ್ಳುವುದು: ನಮ್ಮ ಗೋವಾ ಶುರುವಾದದ್ದು ಹೀಗೆ. ಆದ್ದರಿಂದ ಸಮುದ್ರದ ಬಗ್ಗೆ ಬರೆಯುವುದಿಲ್ಲ. ನನಗೆ ಚೆನ್ನಾಗಿ ಗೊತ್ತಿರುವುದು ಹೊಟ್ಟೆಕಿಚ್ಚು. ಅದರ ಬಗ್ಗೆಯೇ ಬರೆಯುತ್ತೇನೆ.

ನನ್ನ ಹೆಸರು ಈರಣ್ಣ. ಖಣ ನೇಯುವವನು. ನಮ್ಮ ಕಡೆಯವರಿಗೆ ಖಣ ಅಂದರೆ ಏನೆಂದು ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ಅದು ಹೆಣ್ಣುಮಕ್ಕಳ ಕುಪ್ಪಸದ ಬಟ್ಟೆ. ಮುತ್ತೈದೆಯ ಉಡಿ ತುಂಬುವಾಗ ಅಕ್ಕಿ, ತೆಂಗಿನಕಾಯಿಯ ಜೊತೆ ಅದು ಇರಲೇಬೇಕು. ನಮ್ಮ ಮಗ್ಗ ನೆಲದಲ್ಲಿ ತೋಡಿದ ಕುಣಿಯ ಮೇಲೆ ನಿಂತಿರುತ್ತದೆ. ನೇಯುವವನು ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು, ಕೆಳಗಿನ ಹಲಗೆ ತುಳಿಯುತ್ತ, ಮೇಲೆ ಲಾಳಿ ಓಡಿಸುತ್ತಾನೆ. ನಾನು ಹಾಗೆ ಕೂತಿದ್ದೆ. ಕಾಶವ್ವ ನನ್ನ ಬಲಕ್ಕೆ ರಾಟಿಯ ಮುಂದೆ ಕೂತು, ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿ ಸುತ್ತಿ ಕೊಡುತ್ತಿದ್ದಳು. ನಮ್ಮ ಸಂಸಾರ ನಡೆದದ್ದು ಹಾಗೆಯೇ, ಅವಳು ಸುತ್ತುವುದು, ನಾನು ನೇಯುವುದು.

ವಿದ್ಯುತ್ ಮಗ್ಗದ ಖಣ ಪೇಟೆಯಲ್ಲಿ ತುಂಬಿದ ಮೇಲೆ ನೂಲು ಕೊಡುತ್ತಿದ್ದ ಸಾವ್ಕಾರರು ಕೈಬಿಟ್ಟರು. ಗೋವಾದ ಮಡ್ಕಯಿಯ ಕಾರ್ಖಾನೆಗಳಲ್ಲಿ ನಮ್ಮ ಓಣಿಯ ಕೆಲವರು ಇದ್ದರು. ಹೋದ ವರ್ಷ ನಾಗರಪಂಚಮಿ ಮುಗಿಸಿ ನಾವೂ ಹೊರಟೆವು. ಹೊರಡುವ ಮೊದಲು ಮಗ್ಗದ ಮುಂದೆ ನಿಂತು ಒಂದು ಮಾತಾಯಿತು.

"ಪಂಚಮಿಯಿಂದ ಪಂಚಮಿಗೆ. ಒಂದು ವರ್ಷ ನೋಡೂಣು," ಎಂದೆ. "ಬರೂ ಪಂಚಮಿಗೆ ಬಂದಾಗ ಇಲ್ಲೇ ನಿಂತು ತೀರ್ಮಾನ ಮಾಡೂಣು. ಒಲ್ಲೆ ಅನಿಸಿದ್ರ ಅಲ್ಲಿಗೆ ಮುಗೀತು."

"ಆತ್ರಿ," ಅಂದಳು ಕಾಶವ್ವ.

ಮಗ್ಗಕ್ಕೆ ಬಿಗಿದ ಉದ್ದೆಳೆಗಳ ಹಾಸು ಅರ್ಧ ನೇಯ್ದು ನಿಂತಿತ್ತು, ಸೂಜಿ ಮಲ್ಲಿಗೆಯ ಹೆಣಿಗೆ, ಕೆಂಪು ಒಡಲು, ಹಸಿರು ದಡಿ. ನೇಯ್ದಷ್ಟನ್ನು ಕತ್ತರಿಸಿ, ಮಾರಾಟವಾಗದೆ ಉಳಿದಿದ್ದ ಖಣಗಳ ಜೊತೆ ಟ್ರಂಕಿಗೆ ಹಾಕಿದೆ. ಉಳಿದ ಹಾಸನ್ನು ಬೇಕೆಂದೇ ಬಿಟ್ಟೆ. ಊಟದ ತಾಟು ಬಿಟ್ಟು ಎದ್ದವನು ಮರಳಿ ಬಂದೇ ಬರುತ್ತಾನಲ್ಲ, ಹಾಗೆ. ಅದರ ಮೇಲೆ ಹಳೆಯ ಚಾದರ ಹೊದಿಸಿ, ಮನೆಯ ಇನ್ನರ್ಧದಲ್ಲಿರುವ ನನ್ನ ತಮ್ಮ ಮಲ್ಲೇಶಿಗೆ ಹೇಳಿದೆ: "ನಾ ಬರೂತನಕ ಇದನ್ನ ಯಾರೂ ಮುಟ್ಟಬಾರದು ನೋಡು." ಮಲ್ಲೇಶಿ ಟಂಟಂ ಆಟೊ ಓಡಿಸುವವನು. ಚಿಕ್ಕಂದಿನಲ್ಲಿ ಅಪ್ಪನ ಹತ್ತಿರ ನೇಯ್ಗೆ ಕಲಿತಿದ್ದರೂ ಅವನಿಗೆ ಮಗ್ಗದ ಹಂಗೇ ಇರಲಿಲ್ಲ. ಕತ್ತು ಆಡಿಸಿದ.

ನಾವು ಬಂದಿಳಿದಾಗ ಗೋವಾದಲ್ಲಿ ಮಳೆ. ನಮ್ಮ ಕಡೆ ಮಳೆಗಾಗಿ ಮುಗಿಲು ನೋಡುತ್ತೇವೆ. ಇಲ್ಲಿ ಬಿಸಿಲಿಗಾಗಿ ನೋಡುತ್ತಾರೆ. ಕೆಂಪು ಕಲ್ಲಿನ ಮನೆಯ ಹಿಂದಿನ ಒಂದು ಖೋಲಿ ನಮ್ಮದು, ಮನೆಯೊಡತಿ ಸುಲೂಬಾಯ್. ಗೋಡೆಗೆ ಕೈಯಿಟ್ಟರೆ ನೀರು, ಹೊದಿಕೆಗೆ ನೀರು, ಊರಿಂದ ತಂದ ಜೋಳದ ಹಿಟ್ಟು ವಾರದಲ್ಲಿ ಮುಗ್ಗು ಹಿಡಿದು ಹುಳ ಬಿತ್ತು. ರೊಟ್ಟಿ ಇಲ್ಲದೆ ನಾನು ಮುಖ ಊದಿಸಿಕೊಂಡು ಕೂತರೆ, ಬೆಳಿಗ್ಗೆ ಸೈಕಲ್ಲಿನ ಹಾರ್ನ್ ಹೊಡೆಯುತ್ತ ಪೋದೇರ ಬರುತ್ತಿದ್ದ. ಪೋದೇರ ಅಂದರೆ ಬ್ರೆಡ್ ಮಾರುವವನು. ಪವಿತ್ರಾ ಓಡಿ ಹೋಗಿ ಅವನ ಬುಟ್ಟಿಯಿಂದ ಬಿಸಿ ಪಾವು ತಂದು, ಅದನ್ನು ಸುಲೂಬಾಯ್ ಕೊಟ್ಟ ಪಲ್ಯದಲ್ಲಿ ಅದ್ದಿ ತಿನ್ನುತ್ತಿದ್ದಳು. ನನ್ನ ಮಗಳ ಬಾಯಿಗೆ ರೊಟ್ಟಿ ಮರೆಯಲು ಹದಿನೈದು ದಿನ ಬೇಕಾಗಲಿಲ್ಲ. ಆ ಪಾವಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು ಅಂದರೆ ನಗಬೇಡಿ.

ನನಗೆ ಸಿಕ್ಕ ಕೆಲಸ ಪ್ಲಾಸ್ಟಿಕ್ ಡಬ್ಬಿಗಳ ಕಾರ್ಖಾನೆಯಲ್ಲಿ. ಪಟ್ಟಿಯ ಮೇಲೆ ಡಬ್ಬಿ ಬರುತ್ತವೆ, ಮುಚ್ಚಳ ಹಾಕಿ ಪೆಟ್ಟಿಗೆಯಲ್ಲಿ ಜೋಡಿಸಬೇಕು. ನಿಂತೇ ಇರಬೇಕು. ಹುಟ್ಟಿದಾಗಿನಿಂದ ಕೂತು ದುಡಿದ ಮೈಗೆ ನಿಲ್ಲುವುದೇ ಶಿಕ್ಷೆ. ಯಂತ್ರಕ್ಕೆ ಖಟ್ ಖಟಾ, ಖಟ್ ಖಟಾ ಎಂಬ ಒಂದು ಲಯವಿತ್ತು, ಥೇಟ್ ಮಗ್ಗದ ಹಾಗೆ. ಎರಡನೆಯ ದಿನ ಸೂಪರ್‌ವೈಜರ್ ನನ್ನ ಹಿಂದೆ ಬಂದು ನಿಂತು, "ಕಿತೆಂ ರೇ, ನಾಚ್ತಾ?" ಎಂದ. ಏನೋ, ಕುಣೀತಿದ್ದೀಯಾ ಎಂದು. ಕೆಳಗೆ ನೋಡಿಕೊಂಡರೆ ನನ್ನ ಕಾಲುಗಳು ನನ್ನನ್ನು ಕೇಳದೆ ತುಳಿಯುತ್ತಿದ್ದವು, ಎಡ, ಬಲ, ಎಡ, ಬಲ. ಅಂದಿನಿಂದ ಅಲ್ಲಿ ನನ್ನ ಹೆಸರು 'ನಾಚ್ಯಾ'. ಘಾಟಿ ಎಂದು ಕರೆಯುವುದಕ್ಕಿಂತ ಇದು ವಾಸಿ ಅಂದುಕೊಂಡೆ. ಘಟ್ಟದ ಮೇಲಿಂದ ಬಂದವರನ್ನು ಇಲ್ಲಿ ಸಿಟ್ಟಿನಲ್ಲಿ ಹಾಗೆ ಅನ್ನುತ್ತಾರೆ.

ಕಾಶವ್ವ ಮೊದಲು ಸುಲೂಬಾಯಿಯ ಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಒಂದು ದಿನ ಸುಲೂಬಾಯ್ ಅವಳ ಕುಪ್ಪಸದ ತೋಳು ಹಿಡಿದು ನೋಡಿದಳಂತೆ. ಇಲ್ಲಿಯ ಹೆಂಗಸರೂ ನಮ್ಮವರ ಹಾಗೆಯೇ ದೇವಿಗೆ, ಮುತ್ತೈದೆಗೆ ಖಣ-ಕಾಯಿಯಿಂದ ಉಡಿ ತುಂಬುತ್ತಾರೆ. ಅದಕ್ಕೆ ಓಟಿ ಅನ್ನುತ್ತಾರೆ. ಮಾತು ಅಲ್ಲಿಂದ ಬೆಳೆಯಿತು. ಸುಲೂಬಾಯಿಯ ಅಟ್ಟದ ಮೇಲಿನ ಹಳೆಯ ಹೊಲಿಗೆ ಯಂತ್ರ ನಮ್ಮ ಖೋಲಿಗೆ ಇಳಿಯಿತು.

ಒಂದು ಸಂಜೆ ಕೆಲಸದಿಂದ ಬಂದೆ. ಟ್ರಂಕು ತೆರೆದಿತ್ತು. ಕಾಶವ್ವ ನೆಲದ ಮೇಲೆ ನನ್ನ ಸೂಜಿ ಮಲ್ಲಿಗೆಯ ಖಣ ಹಾಸಿಕೊಂಡು ಕತ್ತರಿ ಹಾಕುತ್ತಿದ್ದಳು. ಪಕ್ಕದಲ್ಲಿ ಒಂದು ಜಿಪ್ಪು.

"ಏನ್ ಮಾಡಾಕತ್ತೀ?"

"ಪರ್ಸ್ ಹೊಲಿಯಾಕತ್ತೇನ್ರಿ. ಸುಲೂಬಾಯ್ ಅಂದ್ಲು, ಮ್ಹಾಪಸಾ ಸಂತ್ಯಾಗ ಇಂಥವು ಭಾಳ ಹೋಗ್ತಾವಂತ."

"ಉಡಿ ತುಂಬೂ ಬಟ್ಟಿಗೆ ಜಿಪ್ಪು ಹಚ್ಚತೀ? ಕೈಯರ ಹೆಂಗ ಬಂತು ನಿನಗ?"

ಅವಳು ಕತ್ತರಿ ಕೆಳಗಿಟ್ಟು ನನ್ನನ್ನೇ ನೋಡಿದಳು. "ಟ್ರಂಕಿನ್ಯಾಗ ಹಂಗಽ ಇಟ್ರ ಈ ಮಳ್ಯಾಗ ಹುಳಾ ತಿಂತಾವ್ರಿ. ಹುಳಾ ತಿಂದ್ರ ಚಲೋನೋ, ಮಂದಿ ಕೈಯಾಗ ಇದ್ರ ಚಲೋನೋ?"

ಉತ್ತರ ಸಿಗದಿದ್ದಾಗ ಗಂಡಸರು ಮಾಡುವುದನ್ನು ನಾನೂ ಮಾಡಿದೆ, ಚಹಾ ಸರಿಯಾಗಿಲ್ಲ ಎಂದು ಬೈದೆ.

ಆ ಪರ್ಸುಗಳು ಮೊದಲ ಶುಕ್ರವಾರವೇ ಖಾಲಿಯಾದವು. ಒಂದೂ ಹೋಗದೆ ಎಲ್ಲ ಹೊತ್ತು ತರಲಿ ಎಂದು ನಾನು ಕಾರ್ಖಾನೆಯಲ್ಲಿ ಮುಚ್ಚಳ ಹಾಕುತ್ತ ಮನಸ್ಸಿನಲ್ಲೇ ಬೇಡಿಕೊಂಡಿದ್ದೆ. ಮಾರಾಟವಾಗದಿದ್ದರೆ ಪಂಚಮಿಗೆ ಒಲ್ಲೆ ಅನ್ನುವ ನನ್ನ ದಾರಿ ಸಲೀಸು. ಆದರೆ ಆಕೆ ಖಾಲಿ ಚೀಲ ಬೀಸುತ್ತ ಬಸ್ಸಿಳಿದಳು. ಆಮೇಲೆ ಬಾಗಿಲ ತೋರಣ, ಕನ್ನಡಕದ ಚೀಲ, ದೇವರ ಪೀಠದ ಹಾಸು, ಹೀಗೆ ಅವಳ ಕತ್ತರಿಗೆ ದಿನಕ್ಕೊಂದು ಉಪಾಯ ಹೊಳೆಯಿತು. ಓಟಿಗೆ ಬೇಕು ಅಂದವರಿಗೆ ಇಡೀ ಖಣ ಇಟ್ಟಿರುತ್ತಿದ್ದಳು. ಮಡಗಾಂವ್‌ನ ಬಟ್ಟೆ ಅಂಗಡಿಯವನೊಬ್ಬ ಮನೆಗೇ ಹುಡುಕಿಕೊಂಡು ಬಂದ.

ಹೆಸರು ಬದಲಾದದ್ದು ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಊರಿನಲ್ಲಿ ಅವಳು 'ಈರಣ್ಣನ ಹೇಣ್ತಿ'. ಇಲ್ಲಿ ಅವಳು ಕಾಶಿಬಾಯ್. ಬಸ್ಸಿನ ಕಂಡಕ್ಟರ್, ಹೂವಿನವಳು, ಕೋಕಂ ಮಾರುವ ಮುದುಕ, ಎಲ್ಲರಿಗೂ ಕಾಶಿಬಾಯ್ ಗೊತ್ತು. ಪಾಳಿ ಬದಲಾದ ಶುಕ್ರವಾರಗಳಲ್ಲಿ ನಾನು ಚೀಲ ಹೊತ್ತು ಹೋದರೆ ನನ್ನನ್ನು ತೋರಿಸಿ, "ಕಾಶಿಬಾಯ್ಚೊ ಘೋವ" ಅನ್ನುತ್ತಿದ್ದರು. ಕಾಶಿಬಾಯಿಯ ಗಂಡ. ಒಬ್ಬರಾದರೂ ನಿನ್ನ ಹೆಸರೇನಪ್ಪಾ ಎಂದು ಕೇಳಲಿಲ್ಲ.

ಇಂಥ ವರ್ಷದಲ್ಲಿ ನನಗಿದ್ದ ಸಮಾಧಾನ ಒಂದೇ. ಅವಳು ಮಾರುವ ಖಣ ನನ್ನದು. ಟ್ರಂಕಿನಲ್ಲಿ ಇನ್ನೂ ಎಷ್ಟು ಉಳಿದಿವೆ ಎಂದು ಎಣಿಸಲು ನಾನು ಹೋಗಲಿಲ್ಲ, ಲೆಕ್ಕ ಅವಳದು. ನಮ್ಮ ಮಗ್ಗದ ಎಡಗಡೆಯ ಕಂಬ ಮೆತ್ತನೆಯ ನೆಲದಲ್ಲಿ ಕೂದಲೆಳೆಯಷ್ಟು ಕುಸಿದಿದೆ. ಹಾಗಾಗಿ ಅದರಲ್ಲಿ ನೇಯ್ದ ಖಣದ ಎಡದಡಿ, ಅಂದರೆ ಎಡಗಡೆಯ ಅಂಚು, ತುಸು ಬಿಗಿ. ನೋಡಿದರೆ ಕಾಣುವುದಿಲ್ಲ, ಬೆರಳು ಹಾಯಿಸಿದರೆ ತಿಳಿಯುತ್ತದೆ. ಗಿರಾಕಿಗಳು ಖಣ ಎತ್ತಿ ನೋಡುವಾಗ ನಾನು ಎಡದಡಿಯ ಮೇಲೆ ಬೆರಳು ಹಾಯಿಸಿ, ಕಲಿತ ಒಂದೇ ಒಂದು ಕೊಂಕಣಿ ಮಾತು ಹೇಳುತ್ತಿದ್ದೆ: "ಹಾಂವೆಂ ವಿಣ್ಲಾಂ." ನಾನು ನೇಯ್ದದ್ದು. ಆಗ ಅವರು ಬಟ್ಟೆಯಿಂದ ಕಣ್ಣೆತ್ತಿ ನನ್ನ ಮುಖ ನೋಡುತ್ತಿದ್ದರು. ಆ ಒಂದು ನೋಟಕ್ಕಾಗಿ ನಾನು ಚೀಲ ಹೊರುತ್ತಿದ್ದೆ. ಬೇಸಿಗೆಯಲ್ಲಿ ಸುಲೂಬಾಯ್ ದೇವಿಯ ಓಟಿಗೆ ಒಂದು ಸೂಜಿ ಮಲ್ಲಿಗೆ ಒಯ್ದಾಗ ನಾನೇ ದಡಿ ಮುಟ್ಟಿ ನೋಡಿ ಆರಿಸಿ ಕೊಟ್ಟೆ. ಗುಡಿಯಲ್ಲಿ ಪುರೋಹಿತರ ಮುಂದೆ, ಇದು ನಮ್ಮ ಈರಣ್ಣ ನೇಯ್ದದ್ದು ಎಂದು ಹೇಳಿದೆ ಅಂದಳು. ನಾನು ಹಿಗ್ಗಿದೆ. ಕಾಶವ್ವ ಆಗ ಯಂತ್ರಕ್ಕೆ ಎಣ್ಣೆ ಹಾಕುತ್ತಿದ್ದಳು, ತಲೆ ಎತ್ತಲಿಲ್ಲ.

ಪಂಚಮಿ ಬಂತು. ನಾವು ಮೂವರೂ ಬಸ್ಸು ಹತ್ತಿದೆವು. ಘಟ್ಟ ಹತ್ತಿ, ಹುಬ್ಬಳ್ಳಿ ದಾಟಿದ ಮೇಲೆ ಗಾಳಿ ಒಣಗಿತು. ನನ್ನ ಮೂಗಿಗೆ ಅದು ಹಬ್ಬದೂಟದ ವಾಸನೆಯಂತೆ ಬಡಿಯಿತು. ಪವಿತ್ರಾ ಮಾತ್ರ, "ಅಪ್ಪಾ, ಎಷ್ಟ್ ಧೂಳ ಐತಿಲ್ಲಿ," ಅಂದಳು. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ಚಾದರ ಸರಿಸಿ, ಹಾಸಿನ ಧೂಳು ಕೊಡವಿ, ಹರಿದ ಎಳೆ ಹೊಸೆಯುತ್ತಿದ್ದೆ. ಒಲ್ಲೆ ಅನ್ನುವ ಮಾತನ್ನು ಹೇಗೆ ಶುರು ಮಾಡಬೇಕೆಂದೂ ಯೋಚಿಸಿಟ್ಟಿದ್ದೆ. ಕಾಶವ್ವ ಹುಬ್ಬಳ್ಳಿಯಿಂದ ಈಚೆಗೆ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು.

ನಮ್ಮ ಓಣಿಯಲ್ಲಿ ಈಗ ಮಗ್ಗದ ಸದ್ದು ಕಡಿಮೆ. ತಿರುವಿನಲ್ಲಿ ಒಂದು ಮಗ್ಗದ ಸದ್ದು ಕೇಳಿತು. ಬಡಿತದ ನಡುವೆ ಒಂದು ಕಿರ್ ಎಂಬ ದನಿ. ಆ ಕಿರ್ ಎಂಬುದು ಜಗತ್ತಿನಲ್ಲಿ ಒಂದೇ ಮಗ್ಗಕ್ಕಿದೆ, ನನ್ನದಕ್ಕೆ. ನಾನು ನಿಂತೆ. ಕಾಶವ್ವ ಚೀಲದ ಹಿಡಿಕೆ ನೋಡುತ್ತಿದ್ದಳು.

"ಕಾಕಾ ನೇಯಾಕತ್ತಾನ," ಅಂದಳು ಪವಿತ್ರಾ, ಸಹಜವಾಗಿ. ಅವಳಿಗೂ ಗೊತ್ತಿತ್ತು!

ಬಾಗಿಲು ದೂಡಿ ಒಳಗೆ ಹೋದೆ. ಮಲ್ಲೇಶಿ ನನ್ನ ಕುಣಿಯಲ್ಲಿ ಕೂತಿದ್ದ. ಲಾಳಿ ಅವನ ಕೈಯಲ್ಲಿ ನೀರೊಳಗಿನ ಮೀನಿನ ಹಾಗೆ ಓಡುತ್ತಿತ್ತು. ನನ್ನ ಹಾಸು ಮುಗಿದು, ಅದರ ಜಾಗದಲ್ಲಿ ಹೊಸ ಹಾಸು ಬಿಗಿದಿತ್ತು. ಹೊರಸಿನ ಮೇಲೆ ನೇಯ್ದ ಖಣಗಳ ಒಟ್ಟಿಲು.

"ಬಾ ಅಣ್ಣಾ. ಬರ್ರಿ ವೈನಿ," ಎನ್ನುತ್ತ ಎದ್ದ.

"ಯಾರನ್ನ ಕೇಳಿ ಮುಟ್ಟಿದಿ?"

ಅವನು ನನ್ನ ಭುಜದ ಮೇಲಿಂದ ಕಾಶವ್ವನನ್ನು ನೋಡಿದ. "ಚಳಿಗಾಲದಾಗ ವೈನಿ ಫೋನ್ ಮಾಡಿದ್ರೋ ಅಣ್ಣಾ. ಟ್ರಂಕಿನ್ಯಾಗಿನ ಖಣ ತೀರ್ಯಾವ, ಮಗ್ಗದ ಮ್ಯಾಲಿಂದು ನೇದು ಕಳಸು ಅಂದ್ರು. ಆಮ್ಯಾಲೆ ನೂಲೂ ಅವರಽ ತರಿಸಿಕೊಟ್ರು. ನಿನಗ ಹೇಳ್ಯಾರ ಅಂದ್ಕೊಂಡಿದ್ದೆ." ಸ್ವಲ್ಪ ತಡೆದು, "ಟಂಟಂ ಬಿಟ್ಟೆ. ಇದಽ ಚಲೋ ಅನಸ್ತು," ಎಂದ.

ಹೊರಸಿನ ಮೇಲಿನ ಖಣ ಎತ್ತಿಕೊಂಡೆ. ಎಡದಡಿಯ ಮೇಲೆ ಬೆರಳು ಹೋಯಿತು. ಬಿಗಿ. ಆಗ ಎಲ್ಲ ಒಮ್ಮೆಗೇ ತಿಳಿಯಿತು. ಎಡದಡಿ ಬಿಗಿಯುವುದು ನನ್ನ ಕೈಯಲ್ಲ, ಮಗ್ಗ. ಯಾರು ಕೂತರೂ ಅದು ಬಿಗಿಯುತ್ತದೆ. ಇದನ್ನು ನೇಕಾರನಾದ ನಾನು ಮರೆತಿದ್ದೆ. ಚಳಿಗಾಲದ ಈಚೆಗೆ ಮ್ಹಾಪಸಾದಲ್ಲಿ ನಾನು ಎದೆ ಉಬ್ಬಿಸಿ ನನ್ನದು ಅಂದ ಖಣಗಳು, ಅಷ್ಟೇ ಏಕೆ, ದೇವಿಯ ಓಟಿಗೆ ಹೋದ ಖಣ ಕೂಡ, ಈ ಟಂಟಂ ಓಡಿಸುತ್ತಿದ್ದವನು ನೇಯ್ದದ್ದು. ಮತ್ತು ಕಾಶವ್ವ, ನಾನು ಸಂತೆಗೆ ಹೋದ ಪ್ರತಿ ಶುಕ್ರವಾರ, ನನ್ನ ಪಕ್ಕದಲ್ಲಿ ನಿಂತು ನನ್ನ ಜಂಬ ಕೇಳಿಸಿಕೊಂಡಿದ್ದಳು.

ಗೋವಾದಲ್ಲಿ ಹೆಂಡತಿಯ ಮೇಲಿದ್ದ ಉರಿ ಸಾಲದೆಂದು ಊರಿನಲ್ಲಿ ತಮ್ಮನ ಮೇಲೆ ಇನ್ನೊಂದು ಹತ್ತಿತು. ಮೈಯೆಲ್ಲ ಪರಚಿಕೊಳ್ಳುವಂತಾಯಿತು. ಅವನು ಕೆಟ್ಟದಾಗಿ ನೇಯ್ದಿದ್ದರೆ ಎಷ್ಟೋ ಬದುಕುತ್ತಿದ್ದೆ. ಒಂದು ಎಳೆ ತಪ್ಪಿರಲಿಲ್ಲ.

ಸಂಜೆ ಕಾಶವ್ವ ಹಬ್ಬದ ಉಂಡಿ ಕಟ್ಟುತ್ತ ಕೂತಿದ್ದಳು. ಎದುರಿಗೆ ಹೋಗಿ ಕೂತೆ.

"ಇಡೀ ಸಂತಿ ಮುಂದ ನನ್ನ ಕ್ವಾಣಾ ಮಾಡಿದೆಲ್ಲ ನೀ."

"ಹೇಳಾಕ ಬಾಯಿ ಬರಲಿಲ್ರಿ," ಅಂದಳು. "ನನ್ನದು ಅಂತ ಹೇಳೂವಾಗ ನಿಮ್ಮ ಮಾರಿ ನೀವು ನೋಡ್ಕೊಂಡಿಲ್ಲ. ನಾ ನೋಡೇನಿ. ಖರೇ ಹೇಳಿದ್ರ ಅವತ್ತಽ ಬಸ್ ಹತ್ತಿರತಿದ್ರಿ."

"ಹತ್ತಿದ್ರ ಏನಾಕ್ಕಿತ್ತು? ಮಗ್ಗ ನಂದಲ್ಲೇನು?"

ಉಂಡಿ ಕಟ್ಟುವ ಕೈ ನಿಂತಿತು. "ಒಂದು ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಈ ಮನಿಗೆ ಬಂದಾಗಿಂದ ನಿಮ್ಮ ಬಾಜೂಕ ಕುಂತು ಕಂಡಿಕಿ ಸುತ್ತೇನಿ. ನನ್ನ ನೂಲಿಲ್ದ ನಿಮ್ಮ ಲಾಳಿ ಒಂದ್ ಸಲ ಓಡಿಲ್ಲ. ಒಬ್ರರ, ಒಂದಿನರ, ಕಾಶವ್ವನ ಖಣ ಅಂದಾರೇನ್ರಿ? ಈರಣ್ಣನ ಖಣ, ಈರಣ್ಣನ ಖಣ. ನನಗೇನು ಹೊಟ್ಟಿಕಿಚ್ಚು ಇರಲಿಲ್ಲೇನು? ಭಾಳ ಇತ್ತು. ಬಾಯಿ ಬಿಡಲಿಲ್ಲ ಅಷ್ಟಽ."

ನಾನು ಅವಳ ಕೈ ನೋಡಿದೆ. ತೋರುಬೆರಳಿನ ಮೇಲೆ ನೂಲು ಉಜ್ಜಿ ಉಜ್ಜಿ ಬಿದ್ದ ಗೆರೆ ಇನ್ನೂ ಇತ್ತು.

"ಈಗ ನಿಮ್ಮ ತೀರ್ಮಾನ ಹೇಳ್ರಿ," ಅಂದಳು, ಮತ್ತೆ ಉಂಡಿ ಕಟ್ಟುತ್ತ. "ನೀವು ಒಲ್ಲೆ ಅಂದ್ರ ನಾ ಬರ್ತೇನಿ, ಮಾತು ಕೊಟ್ಟೇನಿ. ಆದ್ರ ಒಂದು ತಿಳ್ಕೋರಿ. ನಾವು ಅಲ್ಲಿ ಮಾರಿದ್ರ ಇಲ್ಲಿ ಮಗ್ಗ ನಡಿತೈತಿ. ನಾವು ಇಲ್ಲಿ ಬಂದು ಕುಂತ್ರ ಮೊದಲಿನಂಗಽ ಚಾದರ ಹೊಚ್ಚಿ ಇಡೂದು."

ಒಲ್ಲೆ ಅನ್ನುವ ಮಾತನ್ನು ನಾನು ಬಸ್ಸಿನಲ್ಲಿ ಎಷ್ಟು ಚೆನ್ನಾಗಿ ಹೊಂದಿಸಿಟ್ಟಿದ್ದೆ. ಅದನ್ನು ಆಡುವ ಬದಲು ತಾಟಿನಿಂದ ಒಂದು ಉಂಡಿ ತೆಗೆದು ಬಾಯಿಗೆ ಹಾಕಿಕೊಂಡೆ.

ಪಂಚಮಿಯ ದಿನ ನಮ್ಮಲ್ಲಿ ಏನನ್ನೂ ಕೊಯ್ಯುವುದಿಲ್ಲ, ಕತ್ತರಿಸುವುದಿಲ್ಲ. ಮಗ್ಗಕ್ಕೂ ಬಿಡುವು. ಹೆಣ್ಣುಮಕ್ಕಳು ಜೋಕಾಲಿ ಆಡಿದರು. ಪವಿತ್ರಾ ಜೋಕಾಲಿಯ ಮೇಲೆ ನಿಂತು ಕೊಂಕಣಿಯಲ್ಲಿ ಕೂಗು ಹಾಕುತ್ತಿದ್ದಳು, ಓಣಿಯ ಹುಡುಗಿಯರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಕಾಶವ್ವನ ಸುತ್ತ ಹೆಂಗಸರ ಹಿಂಡು. ನನ್ನನ್ನು ಮಾತ್ರ ಎಲ್ಲರೂ, "ಎಂದ ಬಂದೀರಿ, ಎಂದ ಹೋಗ್ತೀರಿ?" ಎಂದು ಒಂದೇ ಉಸಿರಿನಲ್ಲಿ ಕೇಳಿದರು. ಅದು ನೆಂಟರನ್ನು ಕೇಳುವ ಪ್ರಶ್ನೆ. ಗೋವಾದಲ್ಲಿ ಸುಲೂಬಾಯ್ ಕೇಳುವುದೂ ಅದನ್ನೇ, ಊರಿಗೆ ಎಂದು ಹೋಗುತ್ತೀಯ, ಎಂದು ಬರುತ್ತೀಯ ಎಂದು. ಎರಡು ಕಡೆಯೂ ನನಗೆ ಬರುವುದೂ ಹೋಗುವುದೂ ಮಾತ್ರ ಉಳಿದಿದೆ, ಇರುವುದನ್ನು ಯಾರೂ ಕೇಳುವುದಿಲ್ಲ.

ಮರುದಿನ ಬೆಳಿಗ್ಗೆ ಯಾರೂ ಏಳುವ ಮೊದಲು ಕುಣಿಗೆ ಇಳಿದೆ. ಕೂತದ್ದೇ ತಡ, ಮೊಣಕಾಲು ಮೇಲೆ ಬಂದು ಮಗ್ಗದ ಮರಕ್ಕೆ ಬಡಿಯಿತು. ಹಲಗೆಗಳು ಎತ್ತರಕ್ಕೆ ಬಂದಿದ್ದವು. ಮಲ್ಲೇಶಿ ನನಗಿಂತ ಗಿಡ್ಡ. ತನ್ನ ಕಾಲಿಗೆ ತಕ್ಕಂತೆ ಹಲಗೆಯ ಹಗ್ಗ ಮೇಲಕ್ಕೆ ಕಟ್ಟಿಕೊಂಡಿದ್ದ. ಬಾಗಿ ಕೈಯಾಡಿಸಿದೆ. ನಾನು ಹಾಕಿದ್ದ ಹಳೆಯ ಗಂಟು, ಅಪ್ಪ ಕಲಿಸಿದ್ದ ಗಂಟು, ಇದ್ದಲ್ಲಿಯೇ ಇತ್ತು. ಅವನು ಅದನ್ನು ಬಿಚ್ಚಿರಲಿಲ್ಲ. ಅದರ ಮೇಲೆ ಹಗ್ಗ ಮಡಚಿ ತನ್ನದೊಂದು ಗಂಟು ಹಾಕಿದ್ದ. ಅದೊಂದು ಬಿಚ್ಚಿದರೆ ಸಾಕು, ಹಲಗೆ ನನ್ನ ಕಾಲಿಗೆ ಇಳಿಯುತ್ತಿತ್ತು.

ಗಂಟಿನ ಮೇಲೆ ಕೈಯಿಟ್ಟುಕೊಂಡು ಕೂತೆ. ಎದ್ದು ಬಂದ ಮಲ್ಲೇಶಿ ಬಾಗಿಲಲ್ಲಿ ನಿಂತಿದ್ದ.

"ಬಿಚ್ಚಲೇನಣ್ಣಾ?" ಎಂದ. ಮುಖ ಸಪ್ಪಗಿತ್ತು.

ಬಿಚ್ಚು ಅನ್ನುವ ಆಸೆ ನಾಲಿಗೆಯ ತುದಿಯಲ್ಲಿತ್ತು. ಅವನ ಕಾಲು ನೋಡಿದೆ. ನಿಂತಲ್ಲೇ, ತನಗೆ ಗೊತ್ತಿಲ್ಲದೆ, ಹೆಬ್ಬೆರಳಿನಿಂದ ನೆಲ ತುಳಿಯುತ್ತಿದ್ದ, ಎಡ, ಬಲ.

"ಬ್ಯಾಡ. ಇರ್ಲಿ," ಎಂದೆ. "ಕಂಡಿಕಿ ಕೊಡು."

ಕಂಡಿಕೆ ಕೊಟ್ಟದ್ದು ಅವನಲ್ಲ. ಯಾವಾಗ ಬಂದಳೋ, ಕಾಶವ್ವ ನನ್ನ ಬಲಕ್ಕೆ ರಾಟಿಯ ಮುಂದೆ ಕೂತಿದ್ದಳು. ಮೊಣಕಾಲು ಬಡಿಸಿಕೊಳ್ಳುತ್ತಲೇ ನೇಯ್ದೆ. ಮಲ್ಲೇಶಿಯ ಖಣದ ನಡುವೆ ಒಂದು ಗೇಣಿನಷ್ಟು. ಎದ್ದಾಗ ಸೊಂಟ ಹಿಡಿದಿತ್ತು. ಕೂತು ನೇಯ್ದು ಸೊಂಟ ನೋಯಿಸಿಕೊಂಡದ್ದು ಅದೇ ಮೊದಲು. ನನ್ನ ಮೈ ನಿಲ್ಲುವುದನ್ನು ಕಲಿತುಬಿಟ್ಟಿತ್ತು. ನಾವು ಮತ್ತೆ ಗೋವಾದ ಬಸ್ಸು ಹತ್ತಿದೆವು.

ಈಗ ಮಡ್ಕಯಿಯಲ್ಲಿ ಡಬ್ಬಿಗೆ ಮುಚ್ಚಳ ಹಾಕುತ್ತೇನೆ. ಕಾಲು ಕುಣಿಯುತ್ತವೆ, ಕುಣಿಯಲಿ. ಖೋಲಿಗೆ ಬಂದರೆ ಕಾಶವ್ವನ ಫೋನು, ಮಡಗಾಂವ್‌ನಿಂದ ಒಂದು, ಮ್ಹಾಪಸಾದಿಂದ ಒಂದು, ನನ್ನ ಹೊಟ್ಟೆ ಉರಿಯುತ್ತದೆ. ಊರಿಗೆ ಫೋನು ಮಾಡಿದರೆ ಹಿಂದೆ ಮಗ್ಗದ ಕಿರ್ ಕೇಳುತ್ತದೆ, ಮತ್ತೆ ಉರಿಯುತ್ತದೆ. ತನ್ನದಲ್ಲದ ಊರಿನ ಬಗ್ಗೆ ಯಾರಿಗೂ ಹೀಗೆ ಉರಿಯುವುದಿಲ್ಲ ಎಂದು ಇತ್ತೀಚೆಗೆ ಅನ್ನಿಸತೊಡಗಿದೆ. ಆ ಲೆಕ್ಕದಲ್ಲಿ ನನಗೆ ಎರಡು ಊರು.

ಹೋದ ಶುಕ್ರವಾರ ಊರಿಂದ ಬಂದ ಖಣದ ಗಂಟು ಮ್ಹಾಪಸಾದಲ್ಲೇ ಬಿಚ್ಚಿದೆವು. ನನ್ನ ಗೇಣು ಯಾವುದರಲ್ಲಿದೆ ಎಂದು ನಾನು ಒಂದೊಂದನ್ನೇ ಬೆಳಕಿಗೆ ಹಿಡಿದು, ದಡಿ ಮುಟ್ಟಿ, ಹಿಂದೆ ಮುಂದೆ ತಿರುಗಿಸಿ ನೋಡಿದೆ. ಸಿಗಲಿಲ್ಲ. ತಮ್ಮನ ಕೈ ಎಲ್ಲಿ ಮುಗಿಯಿತು, ನನ್ನ ಕೈ ಎಲ್ಲಿ ಹತ್ತಿತು ಎಂದು ನನಗೇ ಗೊತ್ತಾಗಲಿಲ್ಲ. ಅಷ್ಟರಲ್ಲಿ ಓಟಿಗೆ ಖಣ ಕೇಳುತ್ತ ಬಂದ ಒಬ್ಬ ಹೆಂಗಸು ನನ್ನ ಕೈಯಲ್ಲಿದ್ದುದನ್ನೇ ತೆಗೆದುಕೊಂಡು, "ತುವೆಂ ವಿಣ್ಲಾಂ?" ಎಂದಳು. ನೀನೇ ನೇಯ್ದದ್ದಾ?

ಕಾಶವ್ವ ಚಿಲ್ಲರೆ ಕೊಡುವ ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

"ಮ್ಹಜ್ಯಾ ಭಾವಾನ್," ಎಂದೆ. ನನ್ನ ತಮ್ಮ. ಹೇಳುವಾಗ ಹೊಟ್ಟೆಯಲ್ಲಿ ಚುರುಕ್ ಅಂದಿತು. ಆದ್ದರಿಂದ ಸೇರಿಸಿದೆ, "ಮಾತ್ಶೆಂ ಹಾಂವೆಂ." ಒಂಚೂರು ನಾನು.

"ಸೂತ್ ಹಾಂವೆಂ!" ಎಂದು ಕಾಶವ್ವ ಬಾಯಿ ಹಾಕಿದಳು. ನೂಲು ನಾನು.

ಪಕ್ಕದ ಮೀನಿನವಳು ನಮ್ಮಿಬ್ಬರ ಮುಖ ನೋಡಿ, ಗದ್ದ ಎತ್ತಿ, "ತರ್ ಮಾಲಕ್ ಕೋಣ್?" ಎಂದಳು.

ಕಾಶವ್ವ ಅದನ್ನು ನನಗೆ ಕನ್ನಡದಲ್ಲಿ ಹೇಳಲು ತಿರುಗಿದಳು.

"ಬ್ಯಾಡ," ಎಂದೆ. "ತಿಳೀತು. ಮಾಲಕರು ಯಾರು ಅಂತ ಕೇಳಾಕತ್ತಾಳ."

ಕಾಶವ್ವ ನನ್ನ ಮುಖವನ್ನೇ ನೋಡಿದಳು. ಸೆರಗು ಬಾಯಿಗೆ ಹೋಯಿತು, ನಗು ಆಮೇಲೆ ಬಂತು.